ಅರ್ಧ ಕೇಳಿದ ಕಥೆಯ ಹರಕೆ

ಇಂಥ ಮಾತುಗಳನ್ನು ನಾನು ನಂಬುತ್ತಿದ್ದವಳಲ್ಲ. ಬಾವಿಯ ಹತ್ತಿರ ಯಾರೋ ಕಂಡರಂತೆ, ಹೆಸರು ಹಿಡಿದು ಕೂಗಿದರಂತೆ ಎಂದು ನೆರೆಯವರು ಹೇಳಿದರೆ, ನಿಮಗೆ ಮನೆಯಲ್ಲಿ ಕೆಲಸ ಕಮ್ಮಿ ಎಂದು ನಗುತ್ತಿದ್ದೆ. ದೇವರನ್ನು ನಂಬುವುದು ಬೇರೆ, ಇದು ಬೇರೆ ಅಂತ ನನ್ನ ಲೆಕ್ಕ. ಈಗ ನನ್ನದೇ ಒಂದು ಸಂಗತಿ ಬರೆಯುತ್ತಿದ್ದೇನೆ. ನೀವು ನಕ್ಕರೂ ಬೇಸರವಿಲ್ಲ.

ನಮ್ಮದು ಹನೂರಿನ ಆಚೆ ಒಂದು ಹಳ್ಳಿ. ಕ್ರೈಸ್ತರ ಮನೆಗಳು ಹತ್ತೋ ಹನ್ನೆರಡೋ. ಹೋದ ಮಹಾಯುದ್ಧದಲ್ಲಿ ನಮ್ಮ ಯಜಮಾನರು ಮಿಲಿಟರಿ ಲಾರಿ ಓಡಿಸಲು ಬರ್ಮಾ ಕಡೆಗೆ ಹೋದರು. ಮೊದಮೊದಲು ಕಾಗದ ಬರುತ್ತಿತ್ತು, ಆಮೇಲೆ ನಿಂತಿತು. ಮನೆಯಲ್ಲಿ ನಾನು, ಅತ್ತೆ, ಆರು ವರ್ಷದ ಮಗಳು ರೀತ, ಒಂದು ಆಡು. ರಾಗಿಗೆ ಕೊರತೆಯಾಗಲಿಲ್ಲ, ಮಗುವಿಗೆ ಆಡಿನ ಹಾಲಿತ್ತು. ಆ ಉಪಕಾರ ಮರೆಯಬಾರದು.

ಭಾನುವಾರ ಸಂಜೆ ಚರ್ಚಿನ ಉಪದೇಶಿಗಳು ಸೈಕಲ್ಲಿನಲ್ಲಿ ಬಂದು ಬೈಬಲಿನ ಹಳೆಯ ಒಡಂಬಡಿಕೆಯ ಕಥೆ ಹೇಳುತ್ತಿದ್ದರು. ಕತ್ತಲಾಗುವ ಮೊದಲು ಕಾಡುದಾರಿ ದಾಟಬೇಕಿತ್ತು. ಹಾಗಾಗಿ ಕಥೆ ಎಲ್ಲಿಗೆ ಬಂದಿರುತ್ತದೋ ಅಲ್ಲಿಗೇ ನಿಲ್ಲಿಸಿ ಹೊರಟುಬಿಡುವರು. ಒಂದು ವಾರ ಇಸ್ರಾಯೇಲಿನ ಸೇನಾಪತಿಯೊಬ್ಬನ ಕಥೆ. ಗೆದ್ದು ಮನೆಗೆ ಬಂದರೆ, ನನ್ನನ್ನು ಎದುರುಗೊಳ್ಳಲು ಬಾಗಿಲಿಂದ ಮೊದಲು ಹೊರಬಂದದ್ದು ನಿನಗೆ ಎಂದು ಅವನು ದೇವರಿಗೆ ಹರಸಿಕೊಂಡ. ಯುದ್ಧ ಗೆದ್ದ. ಅಷ್ಟಕ್ಕೆ ಉಪದೇಶಿಗಳು ಎದ್ದರು.

ಅವತ್ತೇ ನಾನು ಶಿಲುಬೆಯ ಮುಂದೆ ಮೊಣಕಾಲೂರಿ, ಯಜಮಾನರು ಮನೆಗೆ ಬಂದರೆ ಎಂದು ಅದೇ ಮಾತು ಹೇಳಿ ಹರಸಿಕೊಂಡೆ. ನನ್ನ ಕಣ್ಣ ಮುಂದೆ ಇದ್ದದ್ದು ಆಡು. ಯಾರು ಬಂದರೂ ಪಡಸಾಲೆಯಿಂದ ಎದ್ದು ಮೊದಲು ಓಡುತ್ತಿದ್ದದ್ದು ಅದೇ.

ಮುಂದಿನ ಭಾನುವಾರ ಉಳಿದ ಅರ್ಧ ಕೇಳಿದೆ. ಆ ಸೇನಾಪತಿಯನ್ನು ಎದುರುಗೊಳ್ಳಲು ಬಂದವಳು ಅವನ ಒಬ್ಬಳೇ ಮಗಳು. ಹರಕೆಯಂತೆ ಅವಳನ್ನೇ ಬಲಿ ಕೊಟ್ಟನಂತೆ.

ಹೊರಟಿದ್ದ ಉಪದೇಶಿಗಳ ಹಿಂದೆ ಓಡಿದೆ. ನನ್ನ ಹರಕೆಯ ವಿಷಯ ಹೇಳಿದೆ. ಅವರು ಪಾಪ, ಸೈಕಲ್ಲು ನಿಲ್ಲಿಸಿ ಇನ್ನೊಂದು ಕಥೆ ಹೇಳಿದರು. ಅದೇ ಇಸ್ರಾಯೇಲಿನ ರಾಜನೊಬ್ಬ ಯುದ್ಧದಲ್ಲಿ ದುಡುಕಿ ಆಣೆಯಿಟ್ಟು ಸ್ವಂತ ಮಗನನ್ನೇ ಕೊಲ್ಲಬೇಕಾಗಿ ಬಂದಾಗ, ಜನರೆಲ್ಲ ಅಡ್ಡ ನಿಂತು ಬಿಡಿಸಿಕೊಂಡರಂತೆ. ನನ್ನ ಮಗಳಿಗೆ ಅಡ್ಡ ನಿಲ್ಲುವವರು ಯಾರು ಎಂದುಕೊಂಡೆ. ಅತ್ತೆ ಮಾತ್ರ, “ಬುಡವ್ವ, ಗೊತ್ತಿಲ್ದೆ ಮಾಡ್ಕಂಡ ಅರಕೆ. ಹಿಡ್ಕಂಡು ಜಗ್ಗಕೆ ದೇವ್ರೇನು ಸಂತೆ ಯಾಪಾರಿಯಾ?” ಎಂದರು.

ಆದರೂ ರೀತಳನ್ನು ಮಧುವನಹಳ್ಳಿಯ ತವರಿಗೆ ಕಳಿಸಿದೆ. ಅವಳು ಊಟ ಬಿಟ್ಟಳು. ನಮ್ಮವ್ವ ತಿಂಗಳೊಳಗೆ ವಾಪಸ್ಸು ತಂದು ಬಿಟ್ಟರು.

ಯುದ್ಧ ಮುಗಿದ ಮೇಲೆ ಒಂದು ಮಧ್ಯಾಹ್ನ. ಅತ್ತೆ ಹೊಲದಲ್ಲಿದ್ದರು. ನಾನು ಒಲೆಯ ಮುಂದೆ ಮುದ್ದೆ ಕಟ್ಟುತ್ತಿದ್ದೆ. ಬೀದಿಯಲ್ಲಿ ಯಾರೋ ಯಜಮಾನರ ಹೆಸರು ಹಿಡಿದು, ಬಂದರು ಬಂದರು ಎಂದು ಕೂಗಿದರು. ರೀತ ನನ್ನ ಪಕ್ಕದಿಂದ ಎದ್ದು ಓಡಿದಳು. ನಿಲ್ಲು ಎನ್ನಲೂ ಹೊತ್ತು ಸಾಲಲಿಲ್ಲ.

ಹೊಸಲಿನ ಹತ್ತಿರ ಅವಳು ನಿಂತಳು. ತಾನಾಗಿ ನಿಂತಂತೆ ಇರಲಿಲ್ಲ. ಒಂದು ಕಾಲು ಮೇಲೆತ್ತಿದ್ದಳು, ತಲೆ ಹಿಂದಕ್ಕೆ ವಾಲಿತ್ತು. ಹಿಂದಿರುಗಿ ನೋಡಲೂ ಆಗದೆ, “ಜಡೆ ಬುಡವ್ವಾ, ಅಪ್ಪ ಬಂದವ್ರೆ” ಎಂದು ಅಳುತ್ತಿದ್ದಳು. ಅವಳ ಪಕ್ಕದಲ್ಲೇ ನುಸುಳಿ ಆಡು ಹೊರಗೆ ಹೋಯಿತು. ಆಮೇಲೆ ಅವಳು ಮುಗ್ಗರಿಸಿ ಹೊರಬಿದ್ದಳು. ಅಪ್ಪ ಎತ್ತಿಕೊಂಡರು.

ನಾನು ಒಲೆಯ ಹತ್ತಿರವೇ ಇದ್ದೆ, ಬಾಗಿಲಿಗೆ ಹತ್ತು ಹೆಜ್ಜೆ ದೂರ. ಎರಡು ಕೈಗೂ ರಾಗಿ ಹಿಟ್ಟು ಮೆತ್ತಿತ್ತು. ಸಂಜೆ ಅವಳ ಜಡೆ ಬಿಚ್ಚಿ ನೋಡಿದೆ. ಒಂದು ಚೂರೂ ಹಿಟ್ಟಿರಲಿಲ್ಲ.

ಆಡನ್ನು ನಮ್ಮ ಚರ್ಚಿಗೆ ಒಪ್ಪಿಸಿದೆ. ಮೂರು ವರ್ಷ ಕಾಣದ ಅಪ್ಪನಿಗೆ ಮಗು ನಾಚಿ ನಿಂತಿರಬೇಕು ಎನ್ನುತ್ತಾರೆ ಯಜಮಾನರು. ಇರಬಹುದು. ನಾಚಿದ ಮಗು ಹಾಗೆ ಅಳುವುದನ್ನು ನಾನು ಕಂಡಿಲ್ಲ.

ಹರಕೆಯ ವಿಷಯ ರೀತಳಿಗೆ ನಾವು ಹೇಳಲೇ ಇಲ್ಲ. ಈಗ ಅವಳು ಕೊಳ್ಳೇಗಾಲದಲ್ಲಿ ಓದುತ್ತಿದ್ದಾಳೆ. ರಜೆಗೆ ಬಂದಾಗೆಲ್ಲ, ಅವತ್ತು ಯಾಕವ್ವ ನನ್ನ ಜಡೆ ಅಷ್ಟು ಬಿಗಿಯಾಗಿ ಹಿಡಿದೆ ಎಂದು ರೇಗುತ್ತಾಳೆ. ಇದುವರೆಗೆ ಹೇಗೋ ನಕ್ಕು ಮಾತು ಬದಲಿಸಿದ್ದೇನೆ. ಇದನ್ನು ಓದಿದ ಮೇಲೆ, ನೀನಲ್ಲದಿದ್ದರೆ ಮತ್ಯಾರು ಎಂದು ಕೇಳುತ್ತಾಳೆ.