ಪರೀಕ್ಷೆ ಅಕ್ಕನ ಹದಿನೈದು ಪದಗಳು

ಆಸ್ಪತ್ರೆಯ ಮನೋವಿಜ್ಞಾನ ವಿಭಾಗದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಆಯಾಗಳಿಂದ ಹಿಡಿದು ಡಾಕ್ಟರವರೆಗೆ ಎಲ್ಲರಿಗೂ ಅವಳು ಪರೀಕ್ಷೆ ಅಕ್ಕ. ಕೆಲಸವೂ ಅದೇ. ಮರೆವು ಹೆಚ್ಚಾಗಿದೆ ಎಂದು ಮನೆಯವರು ಕೈಹಿಡಿದು ಕರೆತಂದವರನ್ನು ಎದುರಿಗೆ ಕೂರಿಸಿಕೊಂಡು, ಹದಿನೈದು ಪದಗಳನ್ನು ಸೆಕೆಂಡಿಗೊಂದರಂತೆ ಓದಿ, ತಿರುಗಿ ಹೇಳಿಸುವುದು. ಅರ್ಧ ಗಂಟೆ ಬಿಟ್ಟು ಮತ್ತೆ ಕೇಳುವುದು. ಶಭಾಷ್ ಅನ್ನುವಂತಿಲ್ಲ, ಅಯ್ಯೋ ಅನ್ನುವಂತಿಲ್ಲ, ಮುಖ ಗೋಡೆಯ ಹಾಗಿರಬೇಕು. ಇಪ್ಪತ್ತೇಳು ವರ್ಷದಿಂದ ಹಾಗಿಟ್ಟುಕೊಂಡ ಮುಖ ಮನೆಗೆ ಬಂದರೂ ಸಡಿಲವಾಗುವುದಿಲ್ಲ ಎಂಬುದು ಅವಳ ಗಂಡನ ಹಳೇ ದೂರು.

ಆ ಪದಗಳನ್ನು ಆರಿಸಿದ್ದೂ ಅವಳೇ. ಬಾಗಿಲು, ಕತ್ತರಿ, ನದಿ, ಕಂಬಳಿ, ಹೀಗೆ ಎಲ್ಲರಿಗೂ ಗೊತ್ತಿರುವ ಪದಗಳು. ಹೊರದೇಶದ ಪಟ್ಟಿ ತಂದು ನಮ್ಮವರ ನೆನಪು ಅಳೆಯಲಾಗದು, ನಮ್ಮ ಭಾಷೆಯಲ್ಲಿ ನಾವೇ ಮಾಡಬೇಕು ಎಂದು ಆಗಿನ ಪ್ರೊಫೆಸರು ಹಠ ಹಿಡಿದು, ಆಗ ತಾನೇ ಕೆಲಸಕ್ಕೆ ಸೇರಿದ್ದ ಅವಳ ಕೈಗೆ ಸ್ಟಾಪ್‌ವಾಚು ಕೊಟ್ಟು ಬೀದಿಗೆ ಅಟ್ಟಿದ್ದರು. ಕ್ಷೌರದಂಗಡಿ, ಬಸ್ ಡಿಪೋ, ಹಿಟ್ಟಿನ ಗಿರಣಿ ಎಂದು ಅಲೆದು ಆರುನೂರು ಜನರಿಗೆ ಪಟ್ಟಿ ಓದಿದಳು. ಗಿರಣಿಯವನಂತೂ ಸದ್ದಿನಲ್ಲಿ ಒಂದೂ ಕೇಳಿಸದೆ ಹದಿನೈದು ಬೇರೆಯೇ ಪದ ಒಪ್ಪಿಸಿ ಎದೆಯುಬ್ಬಿಸಿ ನಿಂತಿದ್ದ. ಯಾವ ವಯಸ್ಸಿಗೆ ಎಷ್ಟು ಪದ ಉಳಿದರೆ ಸರಿ ಎಂಬ ಕೋಷ್ಟಕ ಹುಟ್ಟಿದ್ದು ಅವಳ ಚಪ್ಪಲಿ ಸವೆದು.

ಈಗ ಮರೆವು ಅವಳಿಗೇ ಹತ್ತಿತ್ತು. ನಲ್ಲಿಯಲ್ಲಿ ನೀರು ಬಂತಾ ಎಂದು ಗಂಡನನ್ನು ಒಂದೇ ಸಂಜೆ ಮೂರು ಸಲ ಕೇಳಿದ್ದಳು. ಒದ್ದೆ ಬಟ್ಟೆಯನ್ನು ನೀಟಾಗಿ ಮಡಚಿ ಬೀರುವಿನಲ್ಲಿಟ್ಟಿದ್ದಳು. ಇವನ್ನೆಲ್ಲ ನುಂಗಿಕೊಂಡಿದ್ದಳು. ಆದರೆ ಒಂದು ದಿನ ಕೆಲಸ ಮುಗಿಸಿ ಮನೆಗೆ ಬಂದು ಬೀಗದ ಕೈ ತಿರುಗಿಸಿದರೆ ತಿರುಗಲೊಲ್ಲದು. ಒಳಗಿನಿಂದ ಯಾರೋ ಹೆಂಗಸು ಬಾಗಿಲು ತೆರೆದು, "ಯಾರು ಬೇಕಿತ್ತು?" ಅಂದಳು. ಅದು ಅವರು ಒಂಬತ್ತು ವರ್ಷದ ಹಿಂದೆ ಬಿಟ್ಟ ಬಾಡಿಗೆ ಮನೆ. ಆ ಮೆಟ್ಟಿಲ ಮೇಲೆಯೇ ಅವಳು ಕೂತುಬಿಟ್ಟಳು.

ಗಂಡನಿಗೆ ಹೇಳಿದರೆ, "ಏ, ನನಗೂ ಕನ್ನಡಕ ಎಲ್ಲಿಟ್ಟೆ ಅಂತ ಮರೆತುಹೋಗುತ್ತೆ ಬಿಡು. ದಿನವಿಡೀ ಅಂಥವರನ್ನೇ ನೋಡಿ ನೋಡಿ ನಿನಗೆ ಭ್ರಮೆ" ಎಂದು ನಕ್ಕ.

ಮರುದಿನವೇ ಡಾಕ್ಟರ ಹತ್ತಿರ ಹೋದಳು. ಅವರು ವಿದ್ಯಾರ್ಥಿಯಾಗಿದ್ದಾಗ ಪಟ್ಟಿ ಓದುವುದನ್ನು ಕಲಿತದ್ದು ಅವಳಿಂದಲೇ. ಗಾಬರಿಯಿಂದ ಪರೀಕ್ಷೆ ಮಾಡಿದರು. ಹದಿನೈದಕ್ಕೆ ಹದಿನೈದು! ಅರ್ಧ ಗಂಟೆ ಬಿಟ್ಟು ಕೇಳಿದರೂ ಹದಿನೈದು. ಅಂಕಿಗಳ ಪರೀಕ್ಷೆ, ಚಿತ್ರದ ಪರೀಕ್ಷೆ, ಎಲ್ಲದರಲ್ಲೂ ಪೂರ್ತಿ. ಸ್ಕ್ಯಾನು ವಯಸ್ಸಿಗೆ ತಕ್ಕಂತಿತ್ತು.

"ಸರ್, ಇವೆಲ್ಲ ನನಗೆ ಬಾಯಿಪಾಠ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ಇದರಿಂದ ನನ್ನ ಅಳೆಯೋಕಾಗಲ್ಲ. ಬೇರೆ ಏನಾದ್ರೂ ಕೇಳಿ."

"ನಮ್ಮ ಭಾಷೇಲಿ ಇನ್ನೊಂದು ಪಟ್ಟಿ ಎಲ್ಲಿದೆ ಅಕ್ಕಾ? ನಾನೇ ಹೊಸದು ಬರೀಬಹುದು. ಆದ್ರೆ ಎಷ್ಟು ಬಂದ್ರೆ ಸರಿ, ಎಷ್ಟು ಬಂದ್ರೆ ಕಾಯಿಲೆ, ಯಾರಿಗೆ ಗೊತ್ತು? ನಿಮಗೇನೂ ಆಗಿಲ್ಲ. ನೀವು ಚೆನ್ನಾಗಿದ್ದೀರಿ. ನಾಲ್ಕು ದಿನ ರಜೆ ಹಾಕಿ."

ಪ್ರೀತಿಯಿಂದಲೇ ಅಂದರು. ಅವಳಿಗೆ ನಂಬುವ ಒಂದು ಜೀವ ಬೇಕಿತ್ತು, ಸಿಕ್ಕಿದ್ದು ಪ್ರೀತಿ. ಬೇಗ ಬಂದಿದ್ದರೆ ಒಂದಿಷ್ಟು ವರ್ಷ ಉಳಿಸಿಕೊಳ್ಳಬಹುದಿತ್ತು ಎಂದು ಡಾಕ್ಟರು ಇದೇ ಕೋಣೆಯಲ್ಲಿ ಎಷ್ಟು ಮನೆಯವರಿಗೆ ಹೇಳಿದ್ದನ್ನು ಅವಳು ಕೇಳಿರಲಿಲ್ಲ! ಅವಳು ಬೇಗ ಬಂದಿದ್ದಳು. ಬೇಗ ಬಂದು ಬಾಗಿಲಲ್ಲೇ ನಿಂತಿದ್ದಳು. ರಜೆ ಮುಗಿಸಿ ಬಂದ ಮೇಲೂ ನಾಲ್ಕು ತಿಂಗಳಲ್ಲಿ ಐದು ಸಲ ಡಾಕ್ಟರ ಮುಂದೆ ಅಂಗಲಾಚಿದಳು. ಕೊನೆಗೆ ಅವರು ಕಾರಿಡಾರಿನಲ್ಲಿ ಅವಳನ್ನು ಕಂಡರೆ ಫೋನು ಕಿವಿಗಿಟ್ಟುಕೊಳ್ಳತೊಡಗಿದರು. ಕೆಲಸ ಬಿಡುತ್ತೇನೆ ಅಂದರೆ ಗಂಡ, "ಪರೀಕ್ಷೆಯಲ್ಲಿ ಫಸ್ಟ್ ಬಂದೋಳು ನೀನು" ಎಂದು ಚುಡಾಯಿಸಿದ. ಅವಳಿಗೆ ಆ ಪದಗಳ ಮೇಲೆಯೇ ದ್ವೇಷ ಹುಟ್ಟಿತು. ಮಿಕ್ಕಿದ್ದೆಲ್ಲ ಜಾರಿಹೋಗುತ್ತಿರುವಾಗ ಆ ದರಿದ್ರ ಹದಿನೈದು ಮಾತ್ರ ಕಲ್ಲಿನ ಹಾಗೆ ಕೂತಿದ್ದವು.

ಒಂದು ಬುಧವಾರ ಗಡಿಯಾರ ರಿಪೇರಿ ಮಾಡುವ ಮುದುಕರೊಬ್ಬರು ಹೆಂಡತಿಯ ಜೊತೆ ಬಂದಿದ್ದರು. ಅವಳು ಪಟ್ಟಿ ಓದಿದಳು, ಕೇಳಿದಳು, ಬರೆದುಕೊಂಡಳು. ಹನ್ನೊಂದು ಪದ. ಈ ವಯಸ್ಸಿಗೆ ಬಹಳವೇ ಆಯಿತು ಎಂದುಕೊಂಡು ಕಾಗದವನ್ನು ಫೈಲಿಗೆ ಸೇರಿಸುವಾಗ ಹೆಂಡತಿ ಸಂಕೋಚದಿಂದ ಕೇಳಿದರು.

"ಈ ಸಲ ಚೆನ್ನಾಗಿ ಹೇಳಿದ್ರು ಅಲ್ವೇನಮ್ಮಾ? ಬೆಳಿಗ್ಗೆ ಬರೀ ಐದು ಬಂದಿತ್ತು."

"ಬೆಳಿಗ್ಗೆ?"

"ಹತ್ತು ಗಂಟೆಗೆ ನೀವೇ ಮಾಡಿದ್ರಲ್ಲಮ್ಮಾ, ಮೊದಲಿಂದ ಕೊನೆ ತನಕ. ಮತ್ತೆ ಕರೆದ್ರಿ. ಎರಡು ಸಲ ಮಾಡೋದೇ ಪದ್ಧತಿ ಇರಬೇಕು ಅಂದ್ಕೊಂಡ್ವಿ."

ಫೈಲು ತೆರೆದಳು. ಅದೇ ತಾರೀಕು, ಹತ್ತು ಗಂಟೆ ಐದು ನಿಮಿಷ, ಐದು ಪದ. ಅಕ್ಷರ ಅವಳದೇ. ಆ ಹೊತ್ತಿನ ಒಂದು ಚೂರೂ ಅವಳ ತಲೆಯಲ್ಲಿರಲಿಲ್ಲ. ಎದೆ ಧಸಕ್ಕೆಂದಿತು, ಅದರ ಬೆನ್ನಿಗೇ ಸಂತೋಷ ಉಕ್ಕಿತು. ಸಾಕ್ಷಿ! ಎರಡೂ ಕಾಗದ ಹಿಡಿದು, ಬಾಗಿಲನ್ನೂ ತಟ್ಟದೆ, ಡಾಕ್ಟರ ಕೋಣೆಗೆ ನುಗ್ಗಿ ಮೇಜಿನ ಮೇಲೆ ಬಡಿದಳು.

"ನೋಡಿ ಸರ್. ಈಗಲಾದ್ರೂ ನೋಡಿ. ಬೆಳಗಿನದು ನನಗೆ ಗೊತ್ತೇ ಇಲ್ಲ. ನಂಬ್ತೀರಾ ಈಗ?"

ಡಾಕ್ಟರು ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಕೂತ್ಕೊಳ್ಳಿ ಅಕ್ಕಾ. ನಾನೇ ತಪ್ಪು ಮಾಡ್ದೆ. ನೀವು ಹೇಳಿದ್ದೇ ನಿಜ. ಇವತ್ತೇ ಔಷಧಿ ಶುರು ಮಾಡೋಣ. ನಾಳೆಯಿಂದ ನೀವು ಪರೀಕ್ಷೆ ಮಾಡೋದು ಬೇಡ."

ನಾಲ್ಕು ತಿಂಗಳು ಹಂಬಲಿಸಿದ ಮಾತು. ಅದು ಕಿವಿಗೆ ಬಿದ್ದದ್ದೇ ಗೋಡೆಯಂಥ ಆ ಮುಖ ಕುಸಿದು, ತುಟಿ ಅದುರತೊಡಗಿತು. ಎರಡೂ ಕಾಗದಗಳನ್ನು ಎಳೆದುಕೊಂಡು ಮುದುರಿ ಸೆರಗಿನಡಿ ಮುಚ್ಚಿಟ್ಟುಕೊಂಡಳು.

"ಬೇಡ ಸರ್. ಅವತ್ತು ಹೇಳಿದ್ರಲ್ಲ, ನನಗೇನೂ ಆಗಿಲ್ಲ, ನಾನು ಚೆನ್ನಾಗಿದ್ದೀನಿ ಅಂತ. ಇನ್ನೊಂದು ಸಲ ಹೇಳಿ ಸರ್. ಒಂದೇ ಒಂದು ಸಲ."