ಲೆಕ್ಕಕ್ಕಿಲ್ಲದ ಹೂವು

ಒದ್ದೆ ಸೇವಂತಿಗೆಯ ವಾಸನೆಗೆ ನಿಮಗೆ ಹಬ್ಬ ನೆನಪಾಗಬಹುದು. ನನಗೆ ಅನ್ವಯಿಕ ಸಂಖ್ಯಾಶಾಸ್ತ್ರ ನೆನಪಾಗುತ್ತದೆ. ಈ ಬೆಳಿಗ್ಗೆ ಅದು ಕೆಳಗಿನ ಮನೆಯಿಂದ ಮೆಟ್ಟಿಲೇರಿ ಬಂತು. ಕೈಯಲ್ಲಿದ್ದ ಕಾಫಿ ಆರಿಹೋಯಿತು.

ಕುಂದಲಹಳ್ಳಿಯ ಈ ಮಾಳಿಗೆಯಲ್ಲಿ ನಾನು ಬಾಡಿಗೆಗಿದ್ದೇನೆ. ಮನೆಯ ಯಜಮಾನರು ಮುನಿರಾಜು. ಅವರ ರಾಗಿಹೊಲದಲ್ಲಿ ಈಗ ಊಟ-ವಸತಿಯ ಪಿ.ಜಿ. ಕಟ್ಟಡವಿದೆ. ಮಗಳು ಪವಿತ್ರ ಬಿ.ಎಸ್ಸಿ. ಮುಗಿಸಿ ನನ್ನ ಸಲಹೆ ಕೇಳಿ ಬಂದದ್ದು ಒಂದು ಶ್ರಾವಣದಲ್ಲಿ. ಆಷಾಢವಲ್ಲ ಎಂಬುದನ್ನು ಹಳೆಯ ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ಸಂಶೋಧನೆಯಿಂದ ನಿವೃತ್ತನಾದರೂ ಆ ಚಾಳಿ ನಿವೃತ್ತವಾಗಿಲ್ಲ.

ಅವಳ ಮುಂದೆ ಸಂಖ್ಯಾಶಾಸ್ತ್ರದ ಎರಡು ಎಂ.ಎಸ್ಸಿ.ಗಳಿದ್ದವು. ಸಮೀಪದ ಕಾಲೇಜಿನದು ಕಪ್ಪುಹಲಗೆಯ ಪ್ರಮೇಯಗಳ ಓದು. ದೂರದ ಊರಿನದು ಅನ್ವಯಿಕ, ಹಾಸ್ಟೆಲಿನಲ್ಲಿದ್ದು ಕಲಿಯುವಂಥದ್ದು. ಅರ್ಧ ಪಾಠ ಕಾರ್ಖಾನೆಗಳಲ್ಲೇ. ಪೀಣ್ಯದ ಬೋಲ್ಟು ಕಾರ್ಖಾನೆಗೊಮ್ಮೆ ತರಬೇತಿಗೆ ಹೋಗಿದ್ದ ಹುಡುಗಿ ಹೇಳಿದ್ದಳು: “ಬೋಲ್ಟು ಹಾಳಾಗೋಕೆ ಮುಂಚೇನೇ ಮಷೀನ್ ಕೆಡ್ತಿದೆ ಅಂತ ಅಂಕಿಗಳು ಹೇಳ್ಬಿಡ್ತವೆ ಅಂಕಲ್! ನಂಗೆ ಅದೇ ಬೇಕು.” ದೂರದ್ದೇ ಸರಿಯೆಂದೆ. ಅರ್ಜಿಯ ಕೊನೆಯ ದಿನವನ್ನು ಎರಡು ಕಡೆ ಪರಿಶೀಲಿಸಿಯೂ ಕೊಟ್ಟೆ. ನನ್ನ ಪಾಂಡಿತ್ಯಕ್ಕೆ ಅದಕ್ಕಿಂತ ಹೆಚ್ಚಿನ ಉಪಯೋಗವಿರಲಿಲ್ಲ.

ಆದರೆ ಆ ಮನೆಯಲ್ಲಿ ಮದುವೆಯಿರಲಿ, ಬೋರ್‌ವೆಲ್ ಇರಲಿ, ಊರದೇವಿಯ ಅಪ್ಪಣೆಯಿಲ್ಲದೆ ನಡೆಯದು. ದೇವರಕೋಣೆಯಲ್ಲಿ ದೇವಿಯ ವಿಗ್ರಹದ ನೆತ್ತಿಗೆ ಒದ್ದೆ ಹೂವಿಟ್ಟು ಕೇಳಬೇಕು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಪವಿತ್ರಳ ಅಜ್ಜಿ ಹೂವಿಟ್ಟು, “ಮೊಮ್ಮಗ್ಳು ದೂರಕ್ಕೋಗಿ ಓದ್ಬೋದಾದ್ರೆ ಬಲಕ್ಕೆ ಕೊಡವ್ವ” ಎಂದರು. ಹೂವು ಬಲಕ್ಕೇ ಬಿತ್ತು. ಪವಿತ್ರ ನನ್ನತ್ತ ನೋಡಿ ಹುಬ್ಬು ಹಾರಿಸಿದಳು.

“ಪ್ಯಾನ್ ಗಾಳಿಗೆ ಬಿದ್ದೈತೆ. ಅದು ಲೆಕ್ಕಕ್ಕಿಲ್ಲ,” ಎಂದರು ಅಜ್ಜಿ.

ಫ್ಯಾನ್ ಆರಿಸಿದರು. ಮತ್ತೆ ಬಲಕ್ಕೇ.

“ಊವ ಬಾಡೈತೆ. ಬ್ಯಾರೆ ತತ್ತಾ.”

ಮೂರನೆಯದು ಎಡಕ್ಕೆ ಜಾರಿತು. ಅಜ್ಜಿ ತಟ್ಟನೆ ಕರ್ಪೂರ ಹಚ್ಚಿದರು. “ನೋಡುದ್ರಾ? ಅವ್ವ ಬ್ಯಾಡ ಅಂತವ್ಳೆ.”

ಪವಿತ್ರ ನನ್ನ ಕಿವಿಯ ಬಳಿ ಬಗ್ಗಿದಳು. “ಅಂಕಲ್, ಬೇಕಾದ ಉತ್ತರ ಬರೋವರ್ಗೂ ಪ್ರಯೋಗ ಮಾಡೋದಕ್ಕೆ ನಿಮ್ಮ ಶಾಸ್ತ್ರದಲ್ಲಿ ಏನಂತಾರೆ?”

“ಮೋಸ ಅಂತೀವಮ್ಮ.”

ಕಣ್ಣು ತುಂಬಿದ್ದರೂ ಅವಳು ನಕ್ಕಳು. ನಾನು ಮುನಿರಾಜು ಅವರಿಗೆ ಹೇಳಿ ನೋಡಿದೆ. “ನೀವು ಓದ್ದೋರು ಸಾರ್, ಒಪ್ತೀನಿ. ಅಮ್ಮನ ಮಾತು ಮೀರೋಕಾಗಲ್ಲ,” ಎಂದರು. ಯಾವ ಅಮ್ಮನ ಮಾತೋ ತಿಳಿಯದು.

ಅವಳು ಸಮೀಪದ ಕಾಲೇಜು ಸೇರಿದಳು. ಪಿ.ಜಿ.ಯ ಅಡುಗೆಯವನು ಬಾರದ ದಿನ ತರಗತಿ ತಪ್ಪಿತು, ನೀರಿನ ಟ್ಯಾಂಕರ್ ತಡವಾದ ದಿನ ಪರೀಕ್ಷೆ ತಪ್ಪಿತು. ಓದು ನಿಂತದ್ದು ಯಾವ ದಿನವೆಂದು ಎಷ್ಟು ಹುಡುಕಿದರೂ ನನಗೆ ತಿಳಿದಿಲ್ಲ. ಕೆಲವು ಸಾವುಗಳಿಗೆ ತಿಥಿಯೇ ಇರುವುದಿಲ್ಲ.

ಅಜ್ಜಿ ತೀರಿಕೊಂಡ ಮೇಲೆ ಹೂವಿಡುವವಳು ಪವಿತ್ರಳೇ. ಈ ಬೆಳಿಗ್ಗೆ ವಾಸನೆಯ ಹಿಂದೆಯೇ ಅವಳೂ ಮೇಲೆ ಬಂದು ಸೇವಂತಿಗೆಯೊಂದನ್ನು ಕೊಟ್ಟಳು. “ಪ್ರಸಾದ ತಗೊಳ್ಳಿ ಅಂಕಲ್. ಪಿ.ಜಿ. ಮೇಲೆ ಇನ್ನೊಂದು ಫ್ಲೋರ್ ಹಾಕ್ಬೋದಾ ಅಂತ ಕೇಳಿದ್ವಿ. ಬಲಕ್ಕೆ ಕೊಟ್ಲು.”

“ಮೊದಲ ಸಲಕ್ಕೇ?”

“ಮೊದ್ಲು ಎಡಕ್ಕೆ ಬಿತ್ತು. ಕಿಟಕಿ ತೆಗ್ದಿತ್ತು, ಅದು ಲೆಕ್ಕಕ್ಕಿಲ್ಲ.”

ನಗುತ್ತಾಳೆಂದು ಕಾದೆ. ನಗಲಿಲ್ಲ, ಟ್ಯಾಂಕರಿನ ಹಾರ್ನ್ ಕೇಳಿ ಇಳಿದುಹೋದಳು. ಹೂವಿನ ನೀರು ನನ್ನ ಅಂಗೈಯಿಂದ ತೊಟ್ಟಿಕ್ಕುತ್ತಿತ್ತು. ಆ ಹೂವು ಎಷ್ಟನೆಯ ಸಲದ್ದೆಂದು ವಿಚಾರಿಸಬೇಕೆಂದು, ಜೀವನದಲ್ಲಿ ಮೊದಲ ಬಾರಿಗೆ, ನನಗೆ ಅನಿಸಲಿಲ್ಲ.