ದೇವರ ಕೋಣೆಯಲ್ಲಿ ಅರಳಿದ ಬಳ್ಳಿಹೂ

ಹಂಪಿ ಬಜಾರಿನ ಹಿಂದೆ ಒಂದು ಪಾಳು ಮಂಟಪದ ಕಂಬಕ್ಕೆ ಒಣಗಿದ ಬಳ್ಳಿಯೊಂದು ಸುತ್ತಿಕೊಂಡಿತ್ತು. ಅದರ ಬೀಜ ತಂದು ಹೊಸಪೇಟೆಯ ನಮ್ಮ ಹಿತ್ತಲಲ್ಲಿ ಹಾಕಿದೆ. ಅತ್ತೆಗೆ ಹಿಡಿಸಲಿಲ್ಲ. "ಪಾಳು ಬಿದ್ದ ಜಾಗದ್ದು ಮನಿಗ್ಯಾಕ ತಂದಿ?" ಎಂದರು. ಸಸ್ಯಶಾಸ್ತ್ರ ಓದಿದ ನನಗೆ ಇಂಥ ಮಾತು ಕೇಳಿದರೆ ಮೈ ಉರಿಯುತ್ತದೆ. ಬೀಜ ಮೊಳೆತು ಬಳ್ಳಿ ಹಬ್ಬಿದಾಗ ಎಲೆ ನೋಡಿಯೇ, ಇದು ಬೆಳಗ್ಗೆ ಅರಳುವ ಮಾಮೂಲಿ ಮಾರ್ನಿಂಗ್ ಗ್ಲೋರಿ ಬಳ್ಳಿ ಎಂದುಬಿಟ್ಟೆ.

ಮೊದಲ ಮೊಗ್ಗುಗಳು ಬಂದ ದಿನ, ಮಲ್ಲಿಗೆಗೆ ಮಾಡುವ ಹಾಗೆಯೇ ಮಾಡಿದೆ. ಮರುದಿನದ ಪೂಜೆಗೆ ಅರಳಿರಲಿ ಎಂದು ಸಂಜೆಯೇ ಕಿತ್ತು, ನೀರಿನ ಬಟ್ಟಲಲ್ಲಿಟ್ಟು, ದೇವರ ಕೋಣೆಯ ಬಾಗಿಲು ಎಳೆದುಕೊಂಡೆ.

ಅಂದೇ ಮುಸ್ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಗಿಲು ತೆರೆದ ಅತ್ತೆ ಹೊಸ್ತಿಲಲ್ಲೇ ನಿಂತರು. "ಒಳಗ ಯಾರೋ ಅದಾರ," ಎಂದರು ಮೆಲ್ಲಗೆ. ನಾನು ಇಣುಕಿದೆ. ಮಬ್ಬುಗತ್ತಲಲ್ಲಿ ಗಾಢವಾದ ಪರಿಮಳ ತುಂಬಿತ್ತು. ಗಾಳಿಯೇ ಆಡದ ಆ ಕೋಣೆಯಲ್ಲಿ ಮೊಗ್ಗುಗಳು ನಡುಗುತ್ತ, ನಮ್ಮ ಕಣ್ಣೆದುರೇ ಬಿಚ್ಚಿಕೊಳ್ಳುತ್ತಿದ್ದವು. ಅಂಗೈಯಗಲದ ಬಿಳಿ ಹೂಗಳು, ಎಲ್ಲವೂ ಬಾಗಿಲ ಕಡೆಗೇ ಮುಖ ಮಾಡಿದ್ದವು.

ಕಾಂಡದ ಮೆತ್ತನೆಯ ಮುಳ್ಳು, ಹೂವಿನ ಉದ್ದ ಕೊಳವೆ, ಬಿಳಿಯ ಮೇಲಿನ ತಿಳಿಹಸಿರು ಗೆರೆ ನೋಡಿ ಆಮೇಲೆ ಸರಿಯಾಗಿ ಗುರುತಿಸಿದೆ. ಅದು ಮಾರ್ನಿಂಗ್ ಗ್ಲೋರಿಯ ಕುಲದ್ದೇ ಆದ, ಮುಸ್ಸಂಜೆಗೆ ಅರಳುವ ಮೂನ್‌ಫ್ಲವರ್. ಅತ್ತೆಗೆ ಎಲ್ಲ ಬಿಡಿಸಿ ಹೇಳಿದೆ. "ಇರ್ಬೋದವ್ವ," ಎಂದರು, ಅಷ್ಟೇ.

ಅಂದಿನಿಂದ ಅವರು ದೇವರ ಕೋಣೆಯ ಬಾಗಿಲು ತೆರೆಯುವ ಮುನ್ನ, ಒಳಗಿರುವವರಿಗೆ ತಿಳಿಯಲಿ ಎಂಬಂತೆ, ಒಮ್ಮೆ ಕೆಮ್ಮುತ್ತಾರೆ. ಮನೆಯಲ್ಲಿ ಒಬ್ಬಳೇ ಇದ್ದಾಗ ನಾನೂ ಕೆಮ್ಮುತ್ತೇನೆ.